ಎಷ್ಟಾಗುತ್ತೆ, ಮಿಸ್?

ಪಾಠ ಬಿಟ್ಟು ಸಾಫ್ಟ್‌ವೇರ್ ಮಾಡಲು ಹೊರಟ ಗಣಿತದ ಟೀಚರ್ ಒಬ್ಬರು ತಿಪಟೂರಿನಲ್ಲಿ ಶಿಕ್ಷಕರು ಮತ್ತು ಪದವಿ ವಿದ್ಯಾರ್ಥಿಗಳ ಎದುರು ಆಡಿದ ಮಾತುಗಳ ಬರಹ ರೂಪ

2016ರ ಮಾರ್ಚ್ ತಿಂಗಳ ಒಂದು ಬೆಳಿಗ್ಗೆಯಿಂದ ಶುರು ಮಾಡುತ್ತೇನೆ. ಅವತ್ತು ನಮ್ಮ ಶಾಲೆಯಲ್ಲಿ ಒಂಬತ್ತನೇ ತರಗತಿಗೆ ವಾರ್ಷಿಕ ಪರೀಕ್ಷೆ. ನನಗೆ ಕೊಠಡಿ ಮೇಲ್ವಿಚಾರಣೆ ಹಾಕಿದ್ದರು. ಪರೀಕ್ಷೆ ಕೊಠಡಿಗೆ ಫೋನ್ ಒಯ್ಯುವಂತಿಲ್ಲ. ಸ್ಟಾಫ್ ರೂಮಿನ ಬೀರುವಿನಲ್ಲಿ, ಬ್ಯಾಗಿನೊಳಗೆ, ಸೈಲೆಂಟ್ ಮಾಡಿ ಇಟ್ಟಿದ್ದೆ. ಉತ್ತರ ಪತ್ರಿಕೆ ಕಟ್ಟಿ ಕೊಟ್ಟು ಬಂದು ನೋಡಿದರೆ 17 ಮಿಸ್ಡ್ ಕಾಲ್. ಎಲ್ಲವೂ ಒಂದೇ ನಂಬರಿನಿಂದ.

ಅದು ಇನ್ನೊಂದು ಶಾಲೆಯ ಗುಮಾಸ್ತರ ನಂಬರು. ನಾನು ಮಾಡಿಕೊಟ್ಟ ಫೀಸ್ ರಸೀದಿ ಸಾಫ್ಟ್‌ವೇರನ್ನು ಅವರು ಬಳಸುತ್ತಿದ್ದರು. ಅವತ್ತು ಅವರಲ್ಲಿ ಫೀಸ್ ಕಟ್ಟಲು ಕೊನೇ ದಿನ. ಬೆಳಿಗ್ಗೆ ಹತ್ತಕ್ಕೆ ಕೂತು ತೆರೆದರೆ ಫೈಲ್ ತೆರೆಯುತ್ತಿಲ್ಲ. ಹೊರಗೆ ತಂದೆ ತಾಯಂದಿರು ಸಾಲಾಗಿ ನಿಂತಿದ್ದಾರೆ. ಹೊಲದ ಕೆಲಸ ಬಿಟ್ಟು ಬಂದವರು, ಗಾರ್ಮೆಂಟ್ಸ್‌ಗೆ ಅರ್ಧ ದಿನ ರಜೆ ಹಾಕಿ ಬಂದವರು. ನಾನು ವಾಪಸ್ ಫೋನ್ ಮಾಡಿದಾಗ ಒಂದೂವರೆ ಗಂಟೆ. ನಾನು ಕೇಳಿದ್ದು ಒಂದೇ ಪ್ರಶ್ನೆ. ಹೆಡ್‌ಮಾಸ್ಟರ್ ರೂಮಿನ ಕಂಪ್ಯೂಟರಿನಲ್ಲೂ ಅದೇ ಫೈಲ್ ತೆರೆದಿದೆಯಾ ನೋಡಿ. ತೆರೆದಿತ್ತು. ಮುಚ್ಚಿದರು. ಇಲ್ಲಿ ತೆರೆಯಿತು. ಹತ್ತು ಸೆಕೆಂಡಿನ ಕೆಲಸ. ಅಷ್ಟಕ್ಕೆ ನಲವತ್ತು ಜನ ಮೂರು ಗಂಟೆ ಬಿಸಿಲಲ್ಲಿ ನಿಂತಿದ್ದರು.

ಆ ಗುಮಾಸ್ತರು ನನಗೆ ಒಂದು ಮಾತೂ ಬೈಯಲಿಲ್ಲ. "ಕ್ಲಾಸಲ್ಲಿ ಇದ್ರೇನೋ ಮಿಸ್, ತೊಂದ್ರೆ ಇಲ್ಲ" ಅಂದರು. ಬೈದಿದ್ದರೆ ಚೆನ್ನಾಗಿತ್ತು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆ ಶಾಲೆಯವರು ನನಗೆ ದುಡ್ಡು ಕೊಟ್ಟಿದ್ದರು. ದುಡ್ಡು ತಗೊಂಡ ಮೇಲೆ ಫೋನ್ ಎತ್ತಬೇಕು. ಕ್ಲಾಸಿನಲ್ಲಿ ಇದ್ದಾಗ ಫೋನ್ ಎತ್ತಬಾರದು, ಅದು ಮಕ್ಕಳಿಗೆ ಮಾಡುವ ಮೋಸ. ಎರಡೂ ಸರಿ. ಎರಡನ್ನೂ ಒಬ್ಬಳೇ ಪಾಲಿಸುವುದು ಆಗದ ಮಾತು. ನಾನು ಪಾಠ ಬಿಟ್ಟಿದ್ದು ಯಾಕೆ ಅಂತ ಎಷ್ಟೋ ಜನ ಕೇಳುತ್ತಾರೆ. ಪಾಠ ಬೇಜಾರಾಗಿತ್ತಾ, ಸಂಬಳ ಸಾಲದಾಗಿತ್ತಾ ಅಂತ. ಬೇಜಾರು ಖಂಡಿತ ಆಗಿರಲಿಲ್ಲ. ಬೀರುವಿನೊಳಗಿದ್ದ ಆ ಫೋನೇ ಕಾರಣ.

ಈಗ ಸ್ವಲ್ಪ ಹಿಂದೆ ಹೋಗೋಣ. ನಾನು ಬಿ.ಎಸ್ಸಿ., ಬಿ.ಎಡ್. ಮಾಡಿಕೊಂಡು 2004ರಲ್ಲಿ ಖಾಸಗಿ ಹೈಸ್ಕೂಲಿಗೆ ಗಣಿತದ ಟೀಚರ್ ಆಗಿ ಸೇರಿದವಳು. ಕಂಪ್ಯೂಟರ್ ಓದಿದವಳಲ್ಲ. ಶಾಲೆಯ ಆಫೀಸಿನಲ್ಲಿ ಒಂದು ಕಂಪ್ಯೂಟರ್ ಇತ್ತು, ಅದರಲ್ಲಿ ಎಕ್ಸೆಲ್ ಇತ್ತು. ನಿಮ್ಮಲ್ಲಿ ಟೀಚರ್ ಆಗಿರುವವರಿಗೆ ಗೊತ್ತು, ಒಂದು ಮಗುವಿನ ಹೆಸರನ್ನು ಶಾಲೆಯಲ್ಲಿ ಎಷ್ಟು ಸಲ ಬರೆಯುತ್ತೇವೆ ಅಂತ. ದಾಖಲಾತಿ ಪುಸ್ತಕದಲ್ಲಿ ಒಂದು ಸಲ, ಹಾಜರಿಯಲ್ಲಿ ಪ್ರತಿ ತಿಂಗಳು, ಫೀಸ್ ಪುಸ್ತಕದಲ್ಲಿ, ಅಂಕಪಟ್ಟಿಯಲ್ಲಿ, ಕೊನೆಗೆ ಟಿ.ಸಿ.ಯಲ್ಲಿ. ಒಂದು ಕಡೆ ದೀರ್ಘ ಬಿಟ್ಟುಹೋದರೆ ಆ ಮಗು ಹತ್ತು ವರ್ಷ ಆದ ಮೇಲೆ ಪಾಸ್‌ಪೋರ್ಟಿಗೆ ಅಂತ ಅಲೆದಾಡಬೇಕು. ಹೆಸರು ಒಂದೇ ಸಲ ಬರೆದು ಎಲ್ಲಾ ಕಡೆ ತಾನಾಗಿ ಬರುವ ಹಾಗೆ ಮಾಡೋಣ ಅಂತ ಸುಮ್ನೆ ಶುರು ಮಾಡಿದೆ. ಎಕ್ಸೆಲ್ ಮ್ಯಾಕ್ರೋ ಕಲಿತೆ, ಅಂದರೆ ಎಕ್ಸೆಲ್ ತಾನಾಗಿ ಕೆಲಸ ಮಾಡುವ ಹಾಗೆ ಬರೆದಿಡುವ ಆದೇಶಗಳು. ಆಮೇಲೆ ಆಕ್ಸೆಸ್, ಪಟ್ಟಿಗಳನ್ನು ಕೂಡಿಡುವ ಸಾಫ್ಟ್‌ವೇರ್. ಮಗಳು ಮಲಗಿದ ಮೇಲೆ ರಾತ್ರಿ ಕೂತು ಕಲಿತಿದ್ದು.

ಇಲ್ಲಿ ಒಂದು ಕಥೆ ಹೇಳಲೇಬೇಕು. ಎಸ್ಸೆಸ್ಸೆಲ್ಸಿಯ ಲೆಕ್ಕ ನಿಮಗೆ ಗೊತ್ತು. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಕ್ಕೆ ನೂರು ನೂರು, ಒಟ್ಟು 625. ಆ ನೂರರಲ್ಲಿ 80 ಬರವಣಿಗೆಗೆ, 20 ಶಾಲೆಯಲ್ಲೇ ಕೊಡುವ ಆಂತರಿಕ ಅಂಕ. ವರ್ಷವಿಡೀ ಮಾಡಿದ ಮೌಲ್ಯಮಾಪನದ ಅಂಕಗಳನ್ನು ಕೂಡಿಸಿ 20ಕ್ಕೆ ಇಳಿಸಬೇಕು. ನನ್ನ ಮ್ಯಾಕ್ರೋ ಅದನ್ನು ಒಂದು ಕ್ಷಣದಲ್ಲಿ ಮಾಡುತ್ತಿತ್ತು. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಖುಷಿ.

ಒಂದು ದಿನ ಹತ್ತನೇ ಕ್ಲಾಸಿನ ಹುಡುಗಿ ಒಬ್ಬಳು ಬಂದಳು. ಕೈಯಲ್ಲಿ ನೋಟ್ ಪುಸ್ತಕ. "ಮಿಸ್, ನಂದು ಹನ್ನೆರಡೂವರೆ, ನನ್ನ ಫ್ರೆಂಡ್‌ದು ಹದಿಮೂರೂವರೆ. ಅವಳಿಗೆ 14 ಅಂತ ಬಂದಿದೆ. ನಂಗೆ 13 ಬರ್ಬೇಕಲ್ವಾ? 12 ಬಂದಿದೆ." ನಾನು ಅವಳನ್ನು ಕೂರಿಸಿಕೊಂಡು ಕೈಯಿಂದ ಲೆಕ್ಕ ಮಾಡಿದೆ. ಅವಳು ಹೇಳಿದ್ದು ಸರಿ. ಇಬ್ಬರ ನಡುವೆ ಇದ್ದ ಅಂತರ ಒಂದು ಅಂಕ. ಕಂಪ್ಯೂಟರ್ ಅದನ್ನು ಎರಡು ಮಾಡಿತ್ತು.

ಕಾರಣ ಹುಡುಕಲು ಎರಡು ರಾತ್ರಿ ಬೇಕಾಯಿತು. ಎಕ್ಸೆಲ್ ಹಾಳೆಯಲ್ಲಿ ನಾವು ಬಳಸುವ ರೌಂಡ್ ಸೂತ್ರ ಹನ್ನೆರಡೂವರೆಯನ್ನು 13 ಮಾಡುತ್ತದೆ, ನಾವು ಶಾಲೆಯಲ್ಲಿ ಕಲಿಸುವ ಹಾಗೆ. ಆದರೆ ಅದೇ ಎಕ್ಸೆಲಿನ ಮ್ಯಾಕ್ರೋ ಭಾಷೆಯಲ್ಲಿ ಅದೇ ಹೆಸರಿನ ರೌಂಡ್ ಬೇರೆ ಥರ ಕೆಲಸ ಮಾಡುತ್ತದೆ. ಸರಿಯಾಗಿ ಅರ್ಧ ಬಂದಾಗ ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ. ಹನ್ನೆರಡೂವರೆ 12 ಆಗುತ್ತದೆ, ಹದಿಮೂರೂವರೆ 14 ಆಗುತ್ತದೆ. ಬ್ಯಾಂಕರ್ಸ್ ರೌಂಡಿಂಗ್ ಅನ್ನುತ್ತಾರೆ. ಲಕ್ಷಾಂತರ ಮೊತ್ತ ಕೂಡಿಸುವಾಗ ಪ್ರತಿ ಅರ್ಧವನ್ನೂ ಮೇಲಕ್ಕೇ ತಳ್ಳಿದರೆ ಒಟ್ಟು ಉಬ್ಬುತ್ತದೆ ಅಂತ ಮಾಡಿಕೊಂಡ ಪದ್ಧತಿ ಅದು. ಅಲ್ಲಿಗೆ ಅದು ಸರಿ. ಮಕ್ಕಳ ಅಂಕಕ್ಕೆ ಅದು ಅನ್ಯಾಯ. ಅರ್ಧ ಕೂಡಿಸಿ ಪೂರ್ಣಾಂಕ ತೆಗೆಯುವ ಹಳೇ ಉಪಾಯ ಹಾಕಿ ಸರಿ ಮಾಡಿದೆ. ಪುಣ್ಯಕ್ಕೆ ಅಂಕಗಳನ್ನು ಇನ್ನೂ ಬೋರ್ಡಿಗೆ ಕಳಿಸಿರಲಿಲ್ಲ. ಮೂರು ಸೆಕ್ಷನ್ನಿನಲ್ಲಿ ಹುಡುಕಿದಾಗ ಇನ್ನೂ ಹನ್ನೊಂದು ಮಕ್ಕಳು ಸಿಕ್ಕರು. ಆ ಹುಡುಗಿ ಕೇಳದೇ ಇದ್ದಿದ್ದರೆ ಹನ್ನೆರಡು ಮಕ್ಕಳ ಅಂಕ ನನ್ನಿಂದ ಹೋಗುತ್ತಿತ್ತು. ಈಗಲೂ ನೆನೆಸಿಕೊಂಡರೆ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಆ ಹುಡುಗಿಯ ವಿಷಯಕ್ಕೆ ಮತ್ತೆ ಬರುತ್ತೇನೆ.

ಈ ಕಡೆ ಸುದ್ದಿ ಹರಡಿತು. ಬೇರೆ ಶಾಲೆಯವರು ಕೇಳಿದರು, ಐದು ಶಾಲೆಗೆ ಪುಕ್ಕಟೆ ಕೊಟ್ಟೆ. ಟೀಚರ್ ಅಲ್ವಾ, ಕೇಳಿದವರಿಗೆ ಹೇಳಿಕೊಡುವುದು ನಮ್ಮ ಅಭ್ಯಾಸ. ಭಾನುವಾರ ಹೋಗಿ ಕಂಪ್ಯೂಟರಿಗೆ ಹಾಕಿ, ಗುಮಾಸ್ತರಿಗೆ ತೋರಿಸಿ ಬರುತ್ತಿದ್ದೆ. ಒಂದು ಶಾಲೆಯಲ್ಲಿ ವಾರ್ಷಿಕೋತ್ಸವದ ದಿನ ವೇದಿಕೆಗೆ ಕರೆದು ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು. ನನಗೆ ಕಣ್ಣಲ್ಲಿ ನೀರು ಬಂತು. ಆರು ತಿಂಗಳು ಬಿಟ್ಟು ಅದೇ ಶಾಲೆಗೆ ಹೋದೆ. ಗುಮಾಸ್ತರು ಉದ್ದ ಲೆಡ್ಜರಿನಲ್ಲಿ ಕೈಯಿಂದಲೇ ಬರೆಯುತ್ತಿದ್ದರು. ಜೂನ್‌ನಲ್ಲಿ ಒಂದು ದಿನ ಪ್ರಿಂಟ್ ಬರಲಿಲ್ಲವಂತೆ. "ಪುಕ್ಕಟೆ ಮಾಡಿಕೊಟ್ಟಿದ್ದೀರ, ಮತ್ತೆ ಮತ್ತೆ ನಿಮಗೆ ತೊಂದ್ರೆ ಕೊಡೋದು ಹೇಗೆ ಅಂತ ಸುಮ್ನಾದೆ ಮಿಸ್" ಅಂದರು. ಉಳಿದ ನಾಲ್ಕು ಶಾಲೆಗೂ ಹೋಗಿ ನೋಡಿದೆ. ಒಂದರಲ್ಲಿ ಮಾತ್ರ ಬಳಸುತ್ತಿದ್ದರು.

ಇದನ್ನು ನಾನು ತುಂಬಾ ದಿನ ಯೋಚಿಸಿದೆ. ಪುಕ್ಕಟೆ ಕೊಟ್ಟಾಗ ಅವರಿಗೆ ನನ್ನನ್ನು ಕೇಳುವ ಹಕ್ಕು ಇರಲಿಲ್ಲ. ಸಂಕೋಚ ಇತ್ತು. ಕೆಟ್ಟದ್ದು ನನಗೆ ಗೊತ್ತೇ ಆಗಲಿಲ್ಲ, ಹಾಗಾಗಿ ಸರಿಯೂ ಆಗಲಿಲ್ಲ. ದುಡ್ಡು ಕೊಟ್ಟಿದ್ದರೆ ಗುಮಾಸ್ತರು ಅವತ್ತೇ ಫೋನ್ ಮಾಡಿ "ಏನ್ ಮಿಸ್ ಇದು" ಅನ್ನುತ್ತಿದ್ದರು. ನನಗೆ ಬೇಕಾಗಿದ್ದು ಆ ಫೋನು.

ಆರನೇ ಶಾಲೆ 2015ರ ಜೂನ್‌ನಲ್ಲಿ ಬಂತು. ಸುಮಾರು 300 ಮಕ್ಕಳ ಶಾಲೆ. ಕಾರ್ಯದರ್ಶಿಗಳು ಎಲ್ಲಾ ನೋಡಿದರು. ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟು, "ಚೆನ್ನಾಗಿದೆ. ಎಷ್ಟಾಗುತ್ತೆ ಮಿಸ್?" ಅಂದರು. ನಾನು ಮನೆಯಲ್ಲಿ ಲೆಕ್ಕ ಹಾಕಿಕೊಂಡೇ ಹೋಗಿದ್ದೆ. ಮಗುವಿಗೆ ವರ್ಷಕ್ಕೆ 20 ರೂಪಾಯಿ, 300 ಮಕ್ಕಳಿಗೆ 6,000. ಬಸ್ಸಿನಲ್ಲಿ ಹತ್ತು ಸಲ ಮನಸ್ಸಿನಲ್ಲಿ ಹೇಳಿಕೊಂಡಿದ್ದೆ. ಆದರೂ ಬಾಯಿ ಒಣಗಿತು. ನಾವು ಟೀಚರ್‌ಗಳು ಯಾರ ಹತ್ತಿರವೂ ನೇರವಾಗಿ ದುಡ್ಡು ಕೇಳಿದವರಲ್ಲ. ಫೀಸು ಆಫೀಸಿನವರು ತಗೊಳ್ಳುತ್ತಾರೆ, ಸಂಬಳ ಒಂದನೇ ತಾರೀಖು ಬರುತ್ತದೆ. ನಮ್ಮ ಕೆಲಸಕ್ಕೆ ಎಷ್ಟು ಅಂತ ನಮ್ಮ ಬಾಯಲ್ಲೇ ಹೇಳುವ ಸಂದರ್ಭ ಬರುವುದೇ ಇಲ್ಲ. "ವರ್ಷಕ್ಕೆ ಆರು ಸಾವಿರ ಸರ್" ಅಂದೆ. ಅವರು ಮಾತಾಡಲಿಲ್ಲ. ಕನ್ನಡಕ ಒರೆಸಿದರು. ಫ್ಯಾನಿನ ಸದ್ದು. "ಜಾಸ್ತಿ ಆದ್ರೆ ಮೂರು ಕೊಡಿ" ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು. ಹೇಗೋ ತಡೆದುಕೊಂಡೆ. ಸ್ವಲ್ಪ ಹೊತ್ತಾದ ಮೇಲೆ ಅವರು ಕೇಳಿದ್ದು ಬೇರೆಯೇ. "ಕೆಟ್ಟು ಹೋದ್ರೆ ನೀವೇ ಬರ್ತೀರಾ?" ಬರ್ತೀನಿ ಸರ್ ಅಂದೆ. ಚೆಕ್ ಬರೆದರು.

ನೋಡಿ, ಅವರು ದುಡ್ಡು ಕೊಟ್ಟಿದ್ದು ಆ "ಬರ್ತೀನಿ"ಗೆ. ಮುಂದಿನ ಮಾರ್ಚ್‌ನಲ್ಲಿ 17 ಸಲ ಫೋನ್ ಮಾಡಿದ್ದು ಅದೇ ಶಾಲೆಯ ಗುಮಾಸ್ತರು.

ಕೆಲಸ ಬಿಡುವ ಯೋಚನೆ ಇರುವ ಟೀಚರ್‌ಗಳಿಗೆ ಎರಡು ವಿಷಯ ಬಿಡಿಸಿ ಹೇಳಬೇಕು. ನನಗೆ ಇವನ್ನು ಯಾರೂ ಹೇಳಿರಲಿಲ್ಲ. ಮೊದಲನೆಯದು, ನೀವು ಬರೆದ ಸಾಫ್ಟ್‌ವೇರ್ ಯಾರದು ಅನ್ನುವುದು. 1957ರ ಕಾಪಿರೈಟ್ ಕಾಯ್ದೆ ಪ್ರಕಾರ, ನೌಕರಿಯ ಕೆಲಸದ ಭಾಗವಾಗಿ ಮಾಡಿದ್ದಕ್ಕೆ ಮೊದಲ ಮಾಲೀಕರು ನೌಕರಿ ಕೊಟ್ಟವರು, ಬೇರೆ ಒಪ್ಪಂದ ಇಲ್ಲದಿದ್ದರೆ. ನನ್ನನ್ನು ಗಣಿತ ಕಲಿಸಲು ನೇಮಿಸಿದ್ದರು ನಿಜ. ಆದರೆ ಮೊದಲ ಮ್ಯಾಕ್ರೋ ಬರೆದಿದ್ದು ಶಾಲೆಯ ಕಂಪ್ಯೂಟರಿನಲ್ಲಿ, ಶಾಲೆಯ ಕೆಲಸಕ್ಕೆ. ಹಾಗಾಗಿ ಮಾರುವ ಮೊದಲೇ ಎಲ್ಲವನ್ನೂ ಮನೆಯ ಕಂಪ್ಯೂಟರಿನಲ್ಲಿ ಹೊಸದಾಗಿ ಬರೆದೆ. ಇದು ನನ್ನ ಸ್ವಂತದ್ದು, ಬೇರೆ ಶಾಲೆಗೆ ಕೊಡಲು ಆಕ್ಷೇಪಣೆ ಇಲ್ಲ ಅಂತ ಆಡಳಿತ ಮಂಡಳಿಯಿಂದ ಒಂದು ಪತ್ರವನ್ನೂ ಬರೆಸಿಕೊಂಡೆ. ಸಂಬಂಧ ಚೆನ್ನಾಗಿದ್ದಾಗಲೇ ಆ ಪತ್ರ ತಗೊಳ್ಳಿ. ಸರ್ಕಾರಿ ಶಾಲೆಯವರ ವಿಷಯ ಬೇರೆ, ನೌಕರಿಯಲ್ಲಿದ್ದು ಅನುಮತಿ ಇಲ್ಲದೆ ವ್ಯಾಪಾರ ಮಾಡಲು ನಿಯಮ ಬಿಡುವುದಿಲ್ಲ.

ಎರಡನೆಯದು ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ದುಡಿದ ವರ್ಷಗಳಿಗೆ ತಕ್ಕಂತೆ ಕೊಡಬೇಕಾದ ದುಡ್ಡು. ಖಾಸಗಿ ಶಾಲೆ ಟೀಚರ್‌ಗಳಿಗೆ ಗ್ರಾಚ್ಯುಟಿ ಇಲ್ಲ ಅಂತ ನಮ್ಮ ಆಫೀಸಿನಲ್ಲಿ ಹೇಳಿದರು. ಇದೆ. 2009ರಲ್ಲಿ ಗ್ರಾಚ್ಯುಟಿ ಕಾಯ್ದೆಗೆ ತಿದ್ದುಪಡಿ ತಂದು ಶಿಕ್ಷಕರನ್ನೂ ಸೇರಿಸಿದ್ದಾರೆ, 1997ರಿಂದಲೇ ಜಾರಿಗೆ ಬರುವ ಹಾಗೆ. ಖಾಸಗಿ ಶಾಲೆಗಳು ಕೋರ್ಟಿಗೆ ಹೋಗಿದ್ದವು, 2022ರಲ್ಲಿ ಸುಪ್ರೀಂ ಕೋರ್ಟ್ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ನಾನು ಕೆಲಸ ಬಿಟ್ಟಾಗ ಇದ್ದ ಲೆಕ್ಕ ಸುಲಭ. ಕೊನೆಯ ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಎಷ್ಟು ವರ್ಷ ಕೆಲಸ ಮಾಡಿದ್ದೀರೋ ಅದರಿಂದ ಗುಣಿಸಿ. ನನ್ನದು 15,600. 26ರಿಂದ ಭಾಗಿಸಿದರೆ 600. ಹದಿನೈದರಿಂದ ಗುಣಿಸಿದರೆ 9,000. ಹನ್ನೆರಡು ವರ್ಷಕ್ಕೆ 1,08,000. ಕಾಯ್ದೆಯ ಪ್ರತಿ ಇಟ್ಟುಕೊಂಡು ಮೂರು ಸಲ ಹೋದ ಮೇಲೆ ಎರಡು ಕಂತಿನಲ್ಲಿ ಕೊಟ್ಟರು. ಅದು ಭಿಕ್ಷೆ ಅಲ್ಲ, ನಮ್ಮದೇ ದುಡ್ಡು. ದಯವಿಟ್ಟು ಬಿಟ್ಟು ಬರಬೇಡಿ.

ಮನೆಯಲ್ಲಿ ಹೇಳಿದಾಗ ನಮ್ಮತ್ತೆ ಕೇಳಿದ ಪ್ರಶ್ನೆ ನನಗೆ ಈಗಲೂ ಕಿವಿಯಲ್ಲಿದೆ. ಇಲ್ಲಿ ಕೂತವರಿಗೆ ವಿವರಿಸಬೇಕಾಗಿಲ್ಲ, ನಮ್ಮದು ಕೊಬ್ಬರಿಯ ಊರು. ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿದರೆ ಉಂಡೆ ಕೊಬ್ಬರಿ ಆಗಲು ಹತ್ತಿರ ಹತ್ತಿರ ಒಂದು ವರ್ಷ. ಒಳಗಿನ ನೀರು ಇಂಗಬೇಕು, ಅಲ್ಲಾಡಿಸಿದರೆ ಗಿಟುಕು ಲೊಟ ಲೊಟ ಅನ್ನಬೇಕು. ಅಲ್ಲಿಯವರೆಗೆ ಮನೆ ನಡೆಸಲು ಹೋದ ವರ್ಷದ ದುಡ್ಡು ಬೇಕು. "ಒಂದು ವರ್ಷಕ್ಕಾಗೋಷ್ಟು ಅಟ್ಟದ ಮೇಲೆ ಇಟ್ಕೊಂಡಿದ್ದೀಯೇನಮ್ಮ?" ಅಂತ ಕೇಳಿದರು. ನಮ್ಮ ಯಜಮಾನರ ಸಂಬಳದಲ್ಲಿ ಊಟ ತಿಂಡಿ ನಡೆಯುತ್ತಿತ್ತು. ಮನೆ ಸಾಲದ ಕಂತು ಮತ್ತು ಮಗಳ ಫೀಸು ನನ್ನ ಸಂಬಳದಲ್ಲಿ. ನನ್ನ ವರ್ಷದ ಸಂಬಳ 1,87,200. ಗ್ರಾಚ್ಯುಟಿ 1,08,000, ಉಳಿತಾಯ 84,000, ಎರಡೂ ಸೇರಿ 1,92,000. "ಇದೆ ಅತ್ತೆ, ಸರಿಯಾಗಿ ಒಂದು ವರ್ಷಕ್ಕೆ" ಅಂದೆ. ಹಾಗಾದರೆ ಮಾಡು ಅಂದರು.

2016ರ ಮೇ ತಿಂಗಳಲ್ಲಿ ರಾಜೀನಾಮೆ ಕೊಟ್ಟೆ. ಹಳೇ ಸಂಬಳದಷ್ಟು ದುಡಿಯಲು 32 ಶಾಲೆ ಬೇಕು ಅಂತ ಗೋಡೆಯ ಕ್ಯಾಲೆಂಡರ್ ಮೇಲೆ ಬರೆದಿಟ್ಟೆ. ಮೊದಲ ವರ್ಷ ಸಿಕ್ಕಿದ್ದು ಒಂಬತ್ತು. ನವೆಂಬರ್ 8ಕ್ಕೆ ನೋಟು ರದ್ದಾಯಿತು. ಫೀಸು ನಗದಿನಲ್ಲಿ ತಗೊಳ್ಳುವ ಶಾಲೆಗಳು ಕೈ ಕಟ್ಟಿ ಕೂತವು, ಮೂರು ಶಾಲೆ ಮುಂದಿನ ವರ್ಷ ನೋಡೋಣ ಅಂದವು. ಎರಡನೇ ವರ್ಷದ ಕೊನೆಗೆ ಅಟ್ಟ ಖಾಲಿ. ಎರಡು ಬಳೆ ಬ್ಯಾಂಕಿನಲ್ಲಿ ಅಡ ಇಟ್ಟೆ. ಮೂರನೇ ವರ್ಷ ಬಿಡಿಸಿಕೊಂಡೆ. ಆ ವರ್ಷವೇ ಹಳೇ ಸಂಬಳವನ್ನು ದಾಟಿದ್ದು.

ಈ ನಡುವೆ ನಾನು ಅತಿ ಹೆಚ್ಚು ಹೊತ್ತು ಕೂತು ಮಾಡಿದ ಕೆಲಸ ಯಾವುದು ಗೊತ್ತಾ? ಕನ್ನಡ ಹೆಸರುಗಳದ್ದು. ನಮ್ಮ ಶಾಲೆಗಳಲ್ಲಿ ಹಳೇ ಪಟ್ಟಿಗಳೆಲ್ಲ ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಇರುತ್ತವೆ, ಹಳೇ ಅಕ್ಷರ ವಿನ್ಯಾಸದಲ್ಲಿ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಏನೇನೋ ಚಿಹ್ನೆಗಳು. ಎಲ್ಲಾ ಕಂಪ್ಯೂಟರಿಗೂ ಅರ್ಥವಾಗುವ ಯುನಿಕೋಡ್ ಅನ್ನುವ ಅಕ್ಷರ ಪದ್ಧತಿಗೆ ಬದಲಾಯಿಸಬೇಕು. ಅಕ್ಷರಕ್ಕೆ ಅಕ್ಷರ ಬದಲಾಯಿಸಿದರೆ ಆಯಿತು ಅಂದುಕೊಂಡಿದ್ದೆ. ಒಂದು ಶಾಲೆಯ 900 ಹೆಸರು ಬದಲಾಯಿಸಿ ಪ್ರಿಂಟ್ ಕೊಟ್ಟೆ. ಗುಮಾಸ್ತರು ಓದಿ ಫೋನ್ ಮಾಡಿದರು. "ಮಿಸ್, ನಮ್ಮಲ್ಲಿ ಕೀತಿರ್ ಅಂತ ಯಾರೂ ಇಲ್ಲ."

ಕೀರ್ತಿ ಕೀತಿರ್ ಆಗಿದ್ದಳು. ಯಾಕೆ ಅಂದರೆ, ಅರ್ಕಾವತ್ತು ಕಣ್ಣಿಗೆ ಕಾಣುವುದು ತಿ ಆದ ಮೇಲೆ. ಹಳೇ ಫಾಂಟಿನಲ್ಲಿ ಕಂಡ ಕ್ರಮದಲ್ಲೇ ಕೂಡಿಟ್ಟಿರುತ್ತಾರೆ, ಕೀ, ತಿ, ಆಮೇಲೆ ಅರ್ಕಾವತ್ತು. ಯುನಿಕೋಡಿನಲ್ಲಿ ನಾವು ಉಚ್ಚರಿಸುವ ಕ್ರಮ. ಕೀ, ಆಮೇಲೆ ರ್, ಆಮೇಲೆ ತಿ. ಹಾಗಾಗಿ ಅರ್ಕಾವತ್ತು ಸಿಕ್ಕಾಗ ಹಿಂದಕ್ಕೆ ಹೋಗಿ, ಆ ಇಡೀ ಅಕ್ಷರವನ್ನು, ಅದರ ಗುಣಿತ, ಒತ್ತು ಎಲ್ಲಾ ಸೇರಿಸಿ ದಾಟಿ, ಅದಕ್ಕಿಂತ ಮೊದಲು ರ್ ಇಡಬೇಕು. ಬರೆಯಲು ಒಂದು ವಾರ ಆಯಿತು. ಪೂರ್ಣಿಮಾ, ಹರ್ಷ, ಚಂದ್ರಶೇಖರ ಮೂರ್ತಿ ಅಂತ ಒಬ್ಬೊಬ್ಬರನ್ನೇ ಕೂರಿಸಿಕೊಂಡು ನೋಡಿದೆ. ದೊಡ್ಡ ಕಂಪನಿಗೆ ಇದು ಸಣ್ಣ ಕೆಲಸ ಅನ್ನಿಸಬಹುದು. ಹೆಸರು ತಪ್ಪಾದ ಟಿ.ಸಿ. ಹಿಡಿದು ನಿಂತ ಮಗುವಿಗೆ ಅದು ಸಣ್ಣದಲ್ಲ. ಸಣ್ಣ ಊರಿನ ಸಣ್ಣ ಸಾಫ್ಟ್‌ವೇರ್‌ಗೆ ಜಾಗ ಇರುವುದು ಇಂಥ ಕಡೆಯೇ ಅಂತ ನನಗೆ ಅನ್ನಿಸುತ್ತದೆ.

2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ನನ್ನ ಹಳೇ ಸ್ಟೂಡೆಂಟ್ ಒಬ್ಬ ತಂದೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಕೂತಿದ್ದ. ಕಾರ್ಬನ್ ಇಟ್ಟು ಬಿಲ್ ಬರೆಯುವ ಅಂಗಡಿ. "ಮಿಸ್, ಸಿಮೆಂಟಿಗೆ 28 ಪರ್ಸೆಂಟು, ಕಬ್ಬಿಣಕ್ಕೆ 18, ಅದರಲ್ಲೂ ಅರ್ಧ ಕೇಂದ್ರಕ್ಕೆ ಅರ್ಧ ರಾಜ್ಯಕ್ಕೆ ಬೇರೆ ಬೇರೆ ತೋರಿಸ್ಬೇಕಂತೆ. ಅಪ್ಪಂಗೆ ತಲೆ ಕೆಟ್ಟಿದೆ" ಅಂದ. ಅವನಿಗೆ ಮಾಡಿದ್ದು ಆರು ಅಂಗಡಿಗೆ ಹೋಯಿತು, ಮುಂದಿನ ವರ್ಷ ಹದಿನಾಲ್ಕಕ್ಕೆ.

ಅಲ್ಲೂ ಒಂದು ತಪ್ಪು ಮಾಡಿದೆ. ತೆರಿಗೆ ದರವನ್ನು ಸಾಮಾನಿನ ಹೆಸರಿನ ಜೊತೆ ಮಾತ್ರ ಇಟ್ಟಿದ್ದೆ. 2018ರ ಜುಲೈ 27ಕ್ಕೆ ಪೇಂಟಿನ ದರ 28ರಿಂದ 18ಕ್ಕೆ ಇಳಿಯಿತು. ಅವನು ದರ ತಿದ್ದಿದ. ಒಂದು ವಾರ ಆದ ಮೇಲೆ ಯಾರೋ ಗಿರಾಕಿ ಜೂನ್ ತಿಂಗಳ ಬಿಲ್ಲಿನ ಇನ್ನೊಂದು ಪ್ರತಿ ಕೇಳಿದರು. ಪ್ರಿಂಟ್ ತೆಗೆದರೆ ಜೂನ್ ಬಿಲ್ಲಿನಲ್ಲೂ 18 ಬಂದಿದೆ, ಮೊತ್ತವೇ ಬೇರೆ. ಆದ ವ್ಯಾಪಾರದ ಕಾಗದ ಬದಲಾಗಬಾರದು. ಆ ದಿನದ ದರ ಆ ಬಿಲ್ಲಿನ ಸಾಲಿನಲ್ಲೇ ಉಳಿಯಬೇಕು. ಅವತ್ತು ಸಂಜೆಯಿಂದ ಬೆಳಗಿನ ಜಾವದವರೆಗೆ ಕೂತು ಬದಲಾಯಿಸಿ, ಆಗ ಇದ್ದ ಆರು ಅಂಗಡಿಗೂ ಬಾಗಿಲು ತೆರೆಯುವ ಮುಂಚೆ ಹೋಗಿ ಹಾಕಿ ಬಂದೆ. 2025ರ ಸೆಪ್ಟೆಂಬರ್ 22ಕ್ಕೆ, ನವರಾತ್ರಿಯ ಮೊದಲ ದಿನ, ಸಿಮೆಂಟೂ 28ರಿಂದ 18ಕ್ಕೆ ಇಳಿಯಿತಲ್ಲ, ಅವತ್ತು ಬಂದ ಫೋನುಗಳೆಲ್ಲ ಹಬ್ಬದ ಶುಭಾಶಯದ್ದು.

ಒಂದು ಮಾತು ನಡುವೆ. ಸಣ್ಣ ಉದ್ಯಮ ಅಂತ ನೋಂದಾಯಿಸುವ ಉದ್ಯಮ್ ಪೋರ್ಟಲ್ 2020ರಿಂದ ಇದೆ. ಅದಕ್ಕೆ ಒಂದು ರೂಪಾಯಿಯೂ ಕೊಡಬೇಕಾಗಿಲ್ಲ. ಸಾವಿರ, ಎರಡು ಸಾವಿರ ತಗೊಂಡು ಮಾಡಿಸಿಕೊಡುವವರು ಇದ್ದಾರೆ. ಆಧಾರ್ ಇಟ್ಟುಕೊಂಡು ಮನೆಯಲ್ಲೇ ಕೂತು ಮಾಡಿಕೊಳ್ಳಿ.

ಕೊರೋನಾ ವರ್ಷದ ಬಗ್ಗೆ ಜಾಸ್ತಿ ಹೇಳಲು ಮನಸ್ಸಿಲ್ಲ. 2020ರ ಮಾರ್ಚ್ ಹೊತ್ತಿಗೆ 38 ಶಾಲೆ ಇದ್ದವು. ಆ ವರ್ಷ ದುಡ್ಡು ಕಟ್ಟಿದ್ದು 11. ಬೋಧನಾ ಶುಲ್ಕದಲ್ಲಿ ಶೇಕಡಾ 70 ಮಾತ್ರ ತಗೊಳ್ಳಿ ಅಂತ 2021ರ ಜನವರಿಯಲ್ಲಿ ಸರ್ಕಾರ ಹೇಳಿತು. ಅದನ್ನೂ ಕಟ್ಟುವ ಶಕ್ತಿ ಎಷ್ಟೋ ಮನೆಗಳಲ್ಲಿ ಇರಲಿಲ್ಲ. ದುಡ್ಡು ಕಟ್ಟದ ಶಾಲೆಗೆ ಸಾಫ್ಟ್‌ವೇರ್ ನಿಲ್ಲಿಸಿಬಿಡಿ ಅಂತ ಒಬ್ಬರು ಬುದ್ಧಿ ಹೇಳಿದರು. ನನಗೆ ಆಗಲಿಲ್ಲ. ಆ ವರ್ಷ ನನ್ನ ಸಾಫ್ಟ್‌ವೇರಿನಿಂದ ಅತಿ ಹೆಚ್ಚು ಪ್ರಿಂಟ್ ಆಗಿದ್ದು ಟಿ.ಸಿ.ಗಳು. ಮಕ್ಕಳು ಸರ್ಕಾರಿ ಶಾಲೆಗೆ ಹೋಗುತ್ತಿದ್ದರು. ಅವರ ಕಾಗದ ತಡೆದು ನಾನು ದುಡ್ಡು ಕೇಳಲೇ? ಅಂಗಡಿಗಳ ದುಡ್ಡಿನಲ್ಲಿ ಆ ವರ್ಷ ದಾಟಿದೆ. ಆಮೇಲೆ, ಆ 11 ಸೇರಿ, ಒಟ್ಟು 29 ಶಾಲೆ ಮುಂದುವರಿದವು. ನಾಲ್ಕು ಶಾಲೆಗಳು ಮತ್ತೆ ಬಾಗಿಲು ತೆರೆಯಲೇ ಇಲ್ಲ.

ಆ ಕಷ್ಟದ ನಡುವೆಯೇ ಒಂದು ಫೋನ್ ಬಂತು. ಯಾವುದೋ ಕಾಲೇಜಿನ ಪರವಾಗಿ ಮಾತಾಡುತ್ತಿದ್ದೇನೆ ಅಂದರು. ಹತ್ತನೇ ಕ್ಲಾಸಿನ ಮಕ್ಕಳ ಹೆಸರು, ಅಂಕ, ತಂದೆಯ ಫೋನ್ ನಂಬರ್ ಇರುವ ಪಟ್ಟಿ ಬೇಕಂತೆ, ಪಿಯುಸಿ ಅಡ್ಮಿಷನ್‌ಗೆ. ಒಂದು ಹೆಸರಿಗೆ ಇಷ್ಟು ಅಂತ ದರ ಹೇಳಿದರು. ನನ್ನ ಹತ್ತಿರ ಇದ್ದ ಹೆಸರುಗಳಿಗೆ ಗುಣಿಸಿದರೆ ಆ ವರ್ಷದ ಕೊರತೆ ಪೂರ್ತಿ ತುಂಬುತ್ತಿತ್ತು. ಗುಣಿಸಿದ್ದು ನಿಜ, ಸುಳ್ಳು ಹೇಳುವುದಿಲ್ಲ. ಆದರೆ ಆ ಪಟ್ಟಿ ನನ್ನದಲ್ಲ. ಜಾತಿ, ಆದಾಯ, ಆಧಾರ್ ಎಲ್ಲಾ ಶಾಲೆಯನ್ನು ನಂಬಿ ಕೊಟ್ಟಿದ್ದು, ಶಾಲೆ ನನ್ನನ್ನು ನಂಬಿ ಇಟ್ಟಿದ್ದು. ಆಗುವುದಿಲ್ಲ ಅಂದೆ. ಆ ನಂತರ 2023ರಲ್ಲಿ ವೈಯಕ್ತಿಕ ದತ್ತಾಂಶಕ್ಕೆ ಅಂತಲೇ ಕಾನೂನು ಬಂದಿದೆ. ಶಾಲೆಗೆ ಸಾಫ್ಟ್‌ವೇರ್ ಮಾಡುವ ಆಸೆ ಇರುವ ಹುಡುಗರು, ಹುಡುಗಿಯರು ಇಲ್ಲಿ ಇದ್ದೀರ. ನಿಮಗೂ ಆ ಫೋನ್ ಬಂದೇ ಬರುತ್ತದೆ. ಉತ್ತರ ಈಗಲೇ ಯೋಚಿಸಿ ಇಟ್ಟುಕೊಳ್ಳಿ.

2022ಕ್ಕೆ ನನ್ನೊಬ್ಬಳ ಕೈಯಲ್ಲಿ ಫೋನುಗಳು ಮುಗಿಯದಾದವು. ಒಬ್ಬರನ್ನು ಕೆಲಸಕ್ಕೆ ತಗೊಳ್ಳಬೇಕು. ಬಿ.ಕಾಂ. ಮುಗಿಸಿ ಮನೆಯಲ್ಲಿದ್ದ ಒಬ್ಬ ಹುಡುಗಿ ಬಂದಳು. ಬಾಗಿಲಲ್ಲಿ ನಿಂತಾಗಲೇ ಗುರುತು ಸಿಕ್ಕಿತು. ಹನ್ನೆರಡೂವರೆಯ ಹುಡುಗಿ. ನಾನು ಬೇರೆ ಏನೂ ಕೇಳಲಿಲ್ಲ.

ಅವಳಿಗೆ ಕೋಡ್ ಬರೆಯಲು ಬರುತ್ತಿರಲಿಲ್ಲ, ಫೋನಿನಲ್ಲಿ ಮಾತಾಡುವುದನ್ನು ಮೊದಲು ಕಲಿಸಿದೆ. "ಏನು ಪ್ರಾಬ್ಲಂ ಸರ್?" ಅಂತ ಕೇಳಬೇಡ, "ಸ್ಕ್ರೀನ್ ಮೇಲೆ ಏನು ಬರೆದಿದೆ, ಓದಿ ಸರ್" ಅಂತ ಕೇಳು ಅಂದೆ. ಬೋರ್ಡಿಗೆ ಬಂದ ಮಗುವಿಗೆ ಎಲ್ಲಿ ಅರ್ಥ ಆಗಿಲ್ಲ ಅಂತ ಕೇಳಿದರೆ ಎಲ್ಲಾ ಅರ್ಥ ಆಗಿದೆ ಅನ್ನುತ್ತದೆ. ನೀನು ಬರೆದ ಕೊನೇ ಸಾಲು ಓದು ಅಂದರೆ ಎಲ್ಲಿ ನಿಂತಿದೆ ಅಂತ ಗೊತ್ತಾಗುತ್ತದೆ. ಅವಳು ಬೇಗ ಕಲಿತಳು. ಈಗ ಕೋಡಿನ ತಪ್ಪೂ ಹುಡುಕುತ್ತಾಳೆ.

ಆದರೆ ಬೆಲೆ ವಿಷಯ ಬಂದಾಗ ಫೋನ್ ನನ್ನ ಕೈಗೆ ಕೊಡುತ್ತಿದ್ದಳು. ನಾಲ್ಕು ವರ್ಷದಿಂದ ಹಾಗೇ ನಡೆದಿತ್ತು. ಹೋದ ತಿಂಗಳು ಒಂದು ಹೊಸ ಶಾಲೆಯವರು ಫೋನ್ ಮಾಡಿದರು, 310 ಮಕ್ಕಳ ಶಾಲೆ. ನಾನು ಪಕ್ಕದ ಮೇಜಿನಲ್ಲಿ ಅಂಕಪಟ್ಟಿಯ ಪ್ರಿಂಟ್ ನೋಡುತ್ತಿದ್ದೆ. ಅವಳು ಎಲ್ಲಾ ವಿವರಿಸಿದಳು. ಆ ಕಡೆಯಿಂದ ಅದೇ ಪ್ರಶ್ನೆ ಬಂದಿರಬೇಕು. ಈ ಸಲ ಅವಳು ನನ್ನ ಕಡೆ ತಿರುಗಲಿಲ್ಲ. ಕ್ಯಾಲ್ಕುಲೇಟರೂ ಮುಟ್ಟಲಿಲ್ಲ.

"ವರ್ಷಕ್ಕೆ ಒಂಬತ್ತು ಸಾವಿರದ ಮುನ್ನೂರು ಆಗುತ್ತೆ ಸರ್" ಅಂದಳು. ಆಮೇಲೆ ಸುಮ್ಮನಾದಳು. ನಾನು ಪ್ರಿಂಟ್ ಕೈಯಲ್ಲಿ ಹಿಡಿದು ಹಾಗೇ ಕೂತೆ. ಆ ಕಡೆ ಏನು ಕೇಳಿದರೋ, ಸ್ವಲ್ಪ ಹೊತ್ತು ಬಿಟ್ಟು ಅವಳು ಹೇಳಿದಳು, "ಹೌದು ಸರ್. ಕೆಟ್ಟು ಹೋದ್ರೆ ನಾನೇ ಬರ್ತೀನಿ."